ಶೆಡ್ಡಿನಲ್ಲಿ ಕೆಡದ ಗಾಡಿ

ಆ ಕಾರು ನಮ್ಮ ಶೆಡ್ಡಿಗೆ ಬಂದಾಗ ಚೆನ್ನಾಗಿಯೇ ಓಡುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ. ಕೆಟ್ಟು ನಿಂತ ಗಾಡಿಯನ್ನು ಎಳೆದುಕೊಂಡು ಬಂದರೆ ನನಗೆ ಕೆಲಸ ಸಲೀಸು. ಎಲ್ಲಿಯತನಕ ಕರೆಂಟ್ ಬರುತ್ತಿದೆ, ಎಲ್ಲಿಂದ ಮುಂದೆ ಬರುತ್ತಿಲ್ಲ ಎಂದು ಟೆಸ್ಟ್ ಲ್ಯಾಂಪ್ ಹಿಡಿದು ಹುಡುಕುತ್ತಾ ಹೋದರೆ ಒಂದಲ್ಲ ಒಂದು ಕಡೆ ಸಿಕ್ಕೇ ಸಿಗುತ್ತದೆ. ಆದರೆ ಚೆನ್ನಾಗಿರುವ ಗಾಡಿಯಲ್ಲಿ ಏನನ್ನು ಹುಡುಕುವುದು?

ಅರಸೀಕೆರೆಯಲ್ಲಿ ಹಾಸನದ ರಸ್ತೆಗೆ ಅಂಟಿಕೊಂಡಂತೆ ನಮ್ಮ ಶೆಡ್ಡು. ಅದರಲ್ಲಿ ಅರ್ಧ ನನ್ನದು, ಅರ್ಧ ಮೇಸ್ತ್ರಿಯದು. ಮೇಸ್ತ್ರಿ ನನಗಿಂತ ದೊಡ್ಡವನು. ಇಂಜಿನ್, ಕ್ಲಚ್ಚು, ಬ್ರೇಕು ಅವನ ಪಾಲಿಗೆ. ವೈರು, ಬ್ಯಾಟರಿ, ಸೆನ್ಸರ್ ಎಂದು ಏನು ಬಂದರೂ ನನ್ನ ಪಾಲಿಗೆ.

ಆ ಭಾನುವಾರ ಕಾರು ತಂದವರು ಒಬ್ಬ ಪಶುವೈದ್ಯೆ. ತವರು ಅರಸೀಕೆರೆ, ಮನೆ ಬೇಲೂರಿನಲ್ಲಿ, ಕೆಲಸ ಹಗರೆಯ ಸುತ್ತಿನ ಹಳ್ಳಿಗಳಲ್ಲಿ. ಹಿಂದಿನ ಸೀಟಿನ ತುಂಬ ಔಷಧಿ ಬಾಕ್ಸು, ಗಮ್‌ಬೂಟು, ಹಗ್ಗ. ಬೇಲೂರಿನಲ್ಲಿ ಒಂದು ಕಡೆ ತೋರಿಸಿ ಪ್ಲಗ್ಗುಗಳನ್ನೂ ಒಂದು ಕಾಯಿಲನ್ನೂ ಹೊಸದಾಗಿ ಹಾಕಿಸಿದ್ದರು. ಆದರೂ ಸರಿಹೋಗಿರಲಿಲ್ಲ.

"ಅಣ್ಣ, ಇದು ಓಡ್ತಾ ಓಡ್ತಾ ನಿಂತುಬಿಡುತ್ತೆ," ಎಂದರು. "ಮೊದಲೇ ಒಂದು ಸೂಚನೆ ಗೀಚನೆ ಏನಿಲ್ಲ. ಯಾರೋ ಕೀ ಆಫ್ ಮಾಡಿದ ಹಾಗೆ. ಸ್ಟೀರಿಂಗ್ ಕಲ್ಲಾಗುತ್ತೆ, ಬ್ರೇಕ್ ಗಟ್ಟಿಯಾಗುತ್ತೆ. ಹೆಂಗೋ ಪಕ್ಕಕ್ಕೆ ತಂದು ಕೀ ತಿರುಗಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ. ಕೆಲವು ಸಲ ಸ್ವಲ್ಪ ಹೊತ್ತು ಸತಾಯಿಸುತ್ತೆ."

"ಎಲ್ಲೆಲ್ಲಿ ನಿಂತಿದೆ ಮೇಡಂ?"

"ಒಂದ್ಸಲ ಜಾವಗಲ್ ದಾಟಿದ ಮೇಲೆ. ಒಂದ್ಸಲ ಹಳೇಬೀಡಿನ ಕೆರೆ ಹತ್ರ. ಮೊನ್ನೆ ಬೇಲೂರಲ್ಲಿ, ದೇವಸ್ಥಾನದ ರಸ್ತೇಲಿ, ಟೂರಿಸ್ಟ್ ಬಸ್ಸುಗಳ ಮಧ್ಯ. ಹಿಂದಿದ್ದ ಬಸ್ಸಿನೋನು ಬಾಯಿಗೆ ಬಂದಂಗೆ ಬೈದ."

ಬಿಸಿಲಿಗಾ ಎಂದು ಕೇಳಿದೆ. ಜಾವಗಲ್ಲಿನಲ್ಲಿ ನಿಂತಾಗ ಬೆಳಗಿನ ಮಂಜು ಇತ್ತಂತೆ. ಪೆಟ್ರೋಲ್ ಕಡಿಮೆ ಇತ್ತಾ ಎಂದೆ. ಒಂದು ಸಲ ಟ್ಯಾಂಕ್ ತುಂಬಿಸಿಕೊಂಡು ಹೊರಟ ಕೂಡಲೇ ನಿಂತಿತ್ತಂತೆ. ಏಸಿ ಹಾಕಿದ್ದಾಗ, ಹಾಕದಿದ್ದಾಗ, ಒಬ್ಬರೇ ಇದ್ದಾಗ, ಸಹಾಯಕನ ಜೊತೆ ಇದ್ದಾಗ, ಹೀಗೆ ಯಾವ ಲೆಕ್ಕಕ್ಕೂ ಅದು ಸಿಗಲಿಲ್ಲ.

ಕೀ ಆಫ್ ಮಾಡಿದ ಹಾಗೆ ಎಂಬ ಮಾತು ಮಾತ್ರ ನನಗೆ ಹಿಡಿಸಿತು. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಕೆಮ್ಮುತ್ತದೆ, ಎಳೆಯಲಾರದೆ ಒದ್ದಾಡಿ ಆಮೇಲೆ ನಿಲ್ಲುತ್ತದೆ. ತಟ್ಟನೆ ಸತ್ತರೆ ಅದು ಕಿಡಿ ತಪ್ಪಿದ್ದಕ್ಕೆ. ಅಂದರೆ ನನ್ನ ಪಾಲಿನ ಕೆಲಸ.

ಹಳೆಯ ಗಾಡಿಗಳಲ್ಲಿ ಕಿಡಿ ಹಂಚುವುದಕ್ಕೆ ಡಿಸ್ಟ್ರಿಬ್ಯೂಟರ್ ಇರುತ್ತಿತ್ತು. ಮುಚ್ಚಳ ತೆಗೆದರೆ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಪಾಯಿಂಟು ಸವೆದಿದ್ದರೆ ಉಜ್ಜಿ ಸರಿಮಾಡಿ ಕಳಿಸುತ್ತಿದ್ದೆವು. ಈಗಿನ ಗಾಡಿಯಲ್ಲಿ ಕಾಣುವಂಥದ್ದು ಏನೂ ಇಲ್ಲ. ಕ್ರ್ಯಾಂಕ್ ಶಾಫ್ಟಿನ ತುದಿಗೆ ಹಲ್ಲಿನ ಚಕ್ರವೊಂದಿರುತ್ತದೆ. ಅದರ ಪಕ್ಕದಲ್ಲಿ, ಮುಟ್ಟಿಯೂ ಮುಟ್ಟದಷ್ಟು ಸಂದು ಬಿಟ್ಟು, ಹೆಬ್ಬೆರಳಿನಷ್ಟು ದೊಡ್ಡ ಕ್ರ್ಯಾಂಕ್ ಸೆನ್ಸರ್. ಒಳಗೆ ಆಯಸ್ಕಾಂತ, ಅದರ ಮೇಲೆ ಸುತ್ತಿದ ತಂತಿ. ಒಂದೊಂದು ಹಲ್ಲು ಎದುರಿಗೆ ಹಾದಾಗಲೂ ತಂತಿಯಲ್ಲಿ ಸಣ್ಣದೊಂದು ಕರೆಂಟಿನ ಅಲೆ ಏಳುತ್ತದೆ. ಚಕ್ರದ ಒಂದು ಕಡೆ ಬೇಕೆಂದೇ ಹಲ್ಲು ಬಿಟ್ಟಿರುತ್ತಾರೆ. ಆ ಬೋಳು ಜಾಗ ಹಾದಾಗ ಅಲೆ ತಪ್ಪುತ್ತದೆ. ಅದನ್ನು ಗುರುತಾಗಿ ಹಿಡಿದು ಪಿಸ್ಟನ್ ಎಲ್ಲಿದೆ ಎಂದು ಗಾಡಿಯ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಮೇಲೆ ಕ್ಯಾಮ್ ಶಾಫ್ಟಿನ ಹತ್ತಿರ ಇನ್ನೊಂದು ಸೆನ್ಸರ್. ಪಿಸ್ಟನ್ ಮೇಲಕ್ಕೆ ಬಂದಿದೆ ಎಂದಷ್ಟೇ ಕೆಳಗಿನದು ಹೇಳಬಲ್ಲದು; ಪೆಟ್ರೋಲ್ ಬೆರೆತ ಗಾಳಿಯನ್ನು ಒತ್ತಿಕೊಂಡು ಬಂದಿದೆಯೋ, ಸುಟ್ಟ ಹೊಗೆಯನ್ನು ದೂಡಿಕೊಂಡು ಬಂದಿದೆಯೋ ಎಂಬುದನ್ನು ಮೇಲಿನದು ಹೇಳಬೇಕು. ಎರಡೂ ತಾಳೆಯಾದ ಮೇಲೆ ಕಂಪ್ಯೂಟರ್ ಆ ಸಿಲಿಂಡರಿನ ಕಾಯಿಲಿಗೆ ಹರಿಯುತ್ತಿರುವ ಕರೆಂಟನ್ನು ತಟ್ಟನೆ ಕತ್ತರಿಸುತ್ತದೆ. ಹಾಗೆ ಕತ್ತರಿಸಿದ ಗಳಿಗೆಯಲ್ಲೇ ಕಾಯಿಲಿನೊಳಗೆ ಸಾವಿರಾರು ವೋಲ್ಟ್ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ.

ಸ್ಕ್ಯಾನರ್ ಹಾಕಿ ನೋಡಿದೆ. ಕಂಪ್ಯೂಟರಿನ ನೆನಪಿನಲ್ಲಿ ಒಂದೇ ಒಂದು ಕೋಡ್ ಉಳಿದಿತ್ತು: ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ಇಲ್ಲ. ನನಗೆ ಖುಷಿಯಾಯಿತು. ಹೊಸ ಸೆನ್ಸರ್ ಹಾಕಿ, ಕೋಡ್ ಅಳಿಸಿ, ಮಾಲೇಕಲ್ಲಿನ ಬೆಟ್ಟದ ಬುಡದವರೆಗೆ ಓಡಿಸಿಕೊಂಡು ಬಂದೆ. ನಿಲ್ಲಲಿಲ್ಲ. "ತಗಂಡು ಹೋಗಿ ಮೇಡಂ, ಇನ್ನೇನೂ ಆಗಲ್ಲ," ಎಂದು ಕೀ ಕೊಟ್ಟೆ.

ಕೆಲವು ದಿನ ಅವರಿಂದ ಫೋನ್ ಬರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂತು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

"ಅಣ್ಣ, ಹಗರೆಗೆ ಹೋಗೋ ದಾರೀಲಿ ನಿಂತಿತ್ತು. ಈ ಸಲ ಬೇಗ ಸ್ಟಾರ್ಟ್ ಆಗ್ಲೇ ಇಲ್ಲ. ಹಾಲಿನ ಟೆಂಪೋ ಸಿಗೋತನಕ ಕಾದು, ಹತ್ತಿಕೊಂಡು ಹೋದೆ. ಕರು ಹಾಕಿದ್ದ ಹಸು, ಹಾಲುಜ್ವರ. ನಾನು ಹೋಗೋ ಹೊತ್ತಿಗೆ ತೀರ್ಕೊಂಡಿತ್ತು."

ಫೋನ್ ಹಿಡಿದೇ ಶೆಡ್ಡಿನಿಂದ ಆಚೆ ಬಂದೆ.

"ಆ ಮನೆ ಯಜಮಾನಮ್ಮ ಒಂದು ಮಾತೂ ಆಡ್ಲಿಲ್ಲ, ಗೊತ್ತಾ?" ಎಂದರು. "ಕರೂನ ತಂದು ನನ್ನ ಮುಂದೆ ಕಟ್ಟಿಹಾಕಿ ಒಳಗೆ ಹೋಗಿಬಿಟ್ರು. ನಾಳೆ ಗಾಡಿ ತರ್ತೀನಿ. ಅದಾಗೇ ಓಡಿ ಬರಬಹುದು, ಬರದೆಯೂ ಇರಬಹುದು."

ಬಂತು. ದಾರಿಯಲ್ಲಿ ಒಮ್ಮೆಯೂ ನಿಲ್ಲದೆ ಬಂತು. ಅವರು ಬಸ್ಸು ಹತ್ತಿ ವಾಪಸ್ ಹೋದರು. ನಾನು ಸ್ಕ್ಯಾನರ್ ಹಾಕಿದೆ. ಕ್ರ್ಯಾಂಕ್ ಸೆನ್ಸರಿನ ಕೋಡ್ ಇರಲಿಲ್ಲ. ಅದರ ಬದಲಿಗೆ ಕ್ಯಾಮ್ ಸೆನ್ಸರಿನದು ಇತ್ತು. ಅಳಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಅದೂ ಬರಲಿಲ್ಲ.

ಮೇಸ್ತ್ರಿ ಬಂದು ಬಾನೆಟ್ಟಿಗೆ ಕೈಯೂರಿ ನಿಂತ. "ಏನ್ಲಾ, ಇನ್ನೂ ಕಿಡಿ ಹುಡುಕ್ತಾ ಇದೀಯಾ? ಇದು ಪೆಟ್ರೋಲ್ ಪಂಪು ಕಣ್ಲಾ. ನಿಂತು ಸ್ವಲ್ಪ ಹೊತ್ತಾದ ಮೇಲೆ ಸ್ಟಾರ್ಟ್ ಆಯ್ತದೆ ಅಂದ್ರೆ ಪಂಪು ಬಿಸಿಯಾಗಿ ಕಚ್ಕಳ್ತಾ ಐತೆ."

"ಪಂಪಾದ್ರೆ ಎಳೆದಾಡಿ ನಿಲ್ಲಬೇಕಲ್ಲಣ್ಣ?"

"ಎಲ್ಲಾನೂ ನಿನ್ ಪುಸ್ತಕದಂಗೇ ಕೆಡ್ತವಾ?"

ಅವನ ಸಮಾಧಾನಕ್ಕೆ ಪೆಟ್ರೋಲ್ ಪೈಪಿಗೆ ಗೇಜ್ ಹಾಕಿದೆವು. ಮುಳ್ಳು ಅಲುಗಾಡದೆ ನಿಂತಿತು. ನನ್ನ ಸಮಾಧಾನಕ್ಕೆ ಬಿಸಿಗಾಳಿ ಊದುವ ಗನ್ನನ್ನು ಹಿಡಿದು ಸೆನ್ಸರನ್ನೂ ಕಾಯಿಲುಗಳನ್ನೂ ಮುಟ್ಟಲಾರದಷ್ಟು ಕಾಯಿಸಿದೆ. ಇಂಜಿನ್ ನಿರಾಳವಾಗಿ ಓಡುತ್ತಲೇ ಇತ್ತು. ವೈರುಗಳ ಮೇಲೆ ನೀರು ಚಿಮುಕಿಸಿದೆ. ಬಿಸಿಲಿನಲ್ಲಿ ನಿಲ್ಲಿಸಿ, ಏಸಿ ಹಾಕಿ, ಹೆಡ್‌ಲೈಟ್ ಹಾಕಿ, ಊಟ ಮುಗಿಸಿ ಬರುವತನಕ ಓಡಲು ಬಿಟ್ಟೆ. ಊಟ ಮುಗಿಸಿ ಬಂದಾಗಲೂ ಓಡುತ್ತಿತ್ತು. ಪಕ್ಕದ ಟಯರ್ ಅಂಗಡಿಯವನು "ಇದಕ್ಕೇನಾಗಿದೆ, ಚೆನ್ನಾಗೈತಲ್ಲ!" ಎಂದು ಮೆಚ್ಚಿಕೊಂಡ.

ಮೇಸ್ತ್ರಿ ಅದನ್ನು ಬಾಣಾವರದ ರಸ್ತೆಯಲ್ಲಿ ಓಡಿಸಿ ಬಂದ. ನಿಲ್ಲಲಿಲ್ಲ. ಮಾರನೆಯ ದಿನ ಕಣಕಟ್ಟೆಯ ಕಡೆ ಯಾರದೋ ಟ್ರ್ಯಾಕ್ಟರ್ ನೋಡಲು ಅದರಲ್ಲೇ ಹೋದ. ಅಲ್ಲಿ ನಿಂತಿತು. ಬಂದವನ ಮುಖದಲ್ಲಿ ಗೆದ್ದ ಕಳೆಯಿತ್ತು.

"ಸೆಲ್ಫ್ ಹೊಡೀವಾಗ ಕಿವಿ ಕೊಟ್ಟು ಕೇಳ್ದೆ ಕಣ್ಲಾ. ಪಂಪಿನ ಸದ್ದೇ ಇಲ್ಲ! ನಾನೇನಂದಿದ್ದೆ?"

ನನಗೆ ಒಂದು ಅನುಮಾನ ಬಂದು, ಶೆಡ್ಡಿನಲ್ಲಿ ಕ್ರ್ಯಾಂಕ್ ಸೆನ್ಸರಿನ ಸಾಕೆಟ್ಟನ್ನು ನಾನೇ ಕಳಚಿ ಸೆಲ್ಫ್ ಹೊಡೆದು ನೋಡಿದೆ. ಕಿಡಿ ಇಲ್ಲ. ಪಂಪು ಇರುವುದು ಹಿಂದಿನ ಸೀಟಿನ ಕೆಳಗೆ; ಅಲ್ಲಿ ಕಿವಿಯಿಟ್ಟು ಕೇಳು ಎಂದು ಮೇಸ್ತ್ರಿಗೆ ಹೇಳಿದೆ. ಪಂಪಿನ ಸದ್ದೂ ಇಲ್ಲ. ಇಂಜಿನ್ ತಿರುಗುತ್ತಿರುವುದು ಕಂಪ್ಯೂಟರಿಗೆ ಗೊತ್ತಾಗದಿದ್ದರೆ ಅದು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಅಪಘಾತವಾಗಿ ಇಂಜಿನ್ ನಿಂತಾಗ ಪೆಟ್ರೋಲ್ ಹರಿಯದಿರಲಿ ಎಂದು ಮಾಡಿದ ವ್ಯವಸ್ಥೆ ಅದು. ಅಂದರೆ ಮೇಸ್ತ್ರಿ ಕೇಳಿದ್ದೂ ನಿಜ, ನಾನು ಹೇಳಿದ್ದೂ ನಿಜ. ಇಬ್ಬರೂ ಸರಿಯಿದ್ದೆವು. ಗಾಡಿ ಮಾತ್ರ ಸರಿಯಿರಲಿಲ್ಲ.

ಈಗ ಉಳಿದದ್ದು ಮೂರೇ. ಸೆನ್ಸರ್, ಅದರಿಂದ ಕಂಪ್ಯೂಟರಿಗೆ ಹೋಗುವ ವೈರು, ಕಂಪ್ಯೂಟರ್. ಸೆನ್ಸರ್ ಹೊಸದು. ವೈರಿನ ಎರಡೂ ತುದಿಗೆ ಮೀಟರ್ ಹಿಡಿದೆ. ತುಂಡಾಗದೆ ಪೂರ್ತಿ ಇದೆ ಎಂದು ಮೀಟರ್ ಕೂಗಿತು. ಕೈಗೆಟುಕಿದಷ್ಟು ದೂರ ವೈರನ್ನು ಹಿಡಿದು ಅಲುಗಿಸಿದೆ. ಕೂಗು ನಿಲ್ಲಲಿಲ್ಲ. ಸೆನ್ಸರ್ ಕಳಚಿದಾಗ ಸ್ಕ್ಯಾನರಿನಲ್ಲಿ ತಕ್ಷಣ ಕೋಡ್ ಬಂದಿತ್ತು. ಹಾಗಾದರೆ ರಸ್ತೆಯಲ್ಲಿ ನಿಂತಾಗ ಒಮ್ಮೆ ಒಂದು ಕೋಡ್, ಒಮ್ಮೆ ಇನ್ನೊಂದು, ಕಣಕಟ್ಟೆಯಲ್ಲಿ ನಿಂತಾಗ ಏನೂ ಇಲ್ಲ, ಯಾಕೆ? ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಎರಡು ಸಲ ಏನೋ ಕೇಳಿದಳಂತೆ, ನಾನು ಎರಡು ಸಲವೂ "ಕ್ಯಾಮಾ, ಕ್ರ್ಯಾಂಕಾ?" ಎಂದೆನಂತೆ.

ಕೊನೆಗೆ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಕಂಪ್ಯೂಟರೇ ಹೋಗಿರಬೇಕು ಮೇಡಂ. ಅದನ್ನೇ ಬದಲಾಯಿಸೋಣ."

ಅವರು ಕೇಳಿದರು. "ಅದು ಹೋಗಿದೆ ಅಂತ ಗೊತ್ತಾಯ್ತಾ ಅಣ್ಣ? ಇಲ್ಲಾ, ಬೇರೇನೂ ಸಿಗ್ಲಿಲ್ಲ ಅಂತಾನಾ?"

ಬೇರೇನೂ ಸಿಗದೆ ಹೇಳಿದ್ದೆ. ಹಾಗೆಂದು ಒಪ್ಪಿಕೊಂಡೆ.

"ಅದು ನಿಂತಿದ್ದನ್ನ ನೀವು ಕಣ್ಣಾರೆ ನೋಡಿದೀರಾ?"

"ಇಲ್ಲ. ನನ್ನ ಹತ್ರ ಇದ್ದಾಗ ನಿಲ್ಲೋದೇ ಇಲ್ಲ."

"ಕುಂಟೋ ಹಸೂನ ಕೊಟ್ಟಿಗೇಲಿ ಕಟ್ಟಿಹಾಕಿ ನೋಡಿದ್ರೆ ನಾಲ್ಕು ಕಾಲೂ ಸರಿಯಾಗೇ ಕಾಣ್ತವೆ ಅಣ್ಣ. ನಾನಂತೂ ಬಿಚ್ಚಿಸಿ ನಡೆಸ್ತೀನಿ."

ನನಗೆ ಕೋಪ ಬಂತು. ಹಸುವಿಗೂ ಕಾರಿಗೂ ಏನು ಸಂಬಂಧ ಎಂದು ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. ಫೋನ್ ಇಟ್ಟ ಮೇಲೆ ಟೂಲ್ ಬಾಕ್ಸಿನ ಮೇಲೆ ಕೂತು ಆ ಗಾಡಿಯನ್ನೇ ನೋಡಿದೆ. ಇಷ್ಟು ದಿನ ನಾನು ಮಾಡಿದ್ದೆಲ್ಲ ಅದನ್ನು ಒಂದೇ ಜಾಗದಲ್ಲಿ ನಿಲ್ಲಿಸಿಕೊಂಡು. ಅದು ಕೆಡುವುದು ಓಡುವಾಗ. ಇನ್ನೊಂದು ಸಾಮಾನು ಬದಲಾಯಿಸಿ ಕಳಿಸಿದರೆ ಇನ್ನೊಬ್ಬರ ಮನೆಯ ಕೊಟ್ಟಿಗೆಯಲ್ಲಿ ಇನ್ನೊಂದು ಹಸು. ಆಗಲೇ ತೀರ್ಮಾನ ಮಾಡಿದೆ: ಕಣ್ಣೆದುರು ನಿಲ್ಲುವತನಕ ಇದರ ಒಂದು ನಟ್ಟನ್ನೂ ಬಿಚ್ಚುವುದಿಲ್ಲ. ಶೆಡ್ಡನ್ನು ಮೇಸ್ತ್ರಿಗೆ ವಹಿಸಿ, ಸ್ಕ್ಯಾನರ್, ಮೀಟರ್, ಟೂಲ್ ಬ್ಯಾಗ್ ಎತ್ತಿಕೊಂಡು ಬೇಲೂರಿಗೆ ಹೊರಟೆ. ಗಾಡಿಯನ್ನು ಅವರ ಕೈಗೇ ಕೊಟ್ಟು, ಎಂದಿನ ಹಾಗೆ ಓಡಿಸಿ, ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದೆ. ಅವರ ಸಹಾಯಕ ರಜೆಯಲ್ಲಿದ್ದ. ಅವರಿಗೂ ಒಂದು ಜೊತೆಯಾಯಿತು.

ಮೊದಲ ದಿನ ಏನೂ ಆಗಲಿಲ್ಲ. ತೊಡೆಯ ಮೇಲೆ ಸ್ಕ್ಯಾನರ್ ಇಟ್ಟುಕೊಂಡು ಇಂಜಿನ್ನಿನ ವೇಗದ ಅಂಕಿಯನ್ನೇ ನೋಡುತ್ತಾ ಕೂತೆ. ಬೇಲೂರಿನಿಂದ ಹಳೇಬೀಡು, ಅಲ್ಲಿಂದ ಒಳದಾರಿಗಳು. ಅವರು ಇಳಿದು ಎಮ್ಮೆಗೆ ಇಂಜೆಕ್ಷನ್ ಕೊಡುತ್ತಿದ್ದರು, ನಾನು ಹಗ್ಗ ಹಿಡಿಯುತ್ತಿದ್ದೆ. ಜನ ನನ್ನನ್ನು ಹೊಸ ಕಾಂಪೌಂಡರ್ ಎಂದುಕೊಂಡರು. ಒಬ್ಬ ಅಜ್ಜಿಯಂತೂ ತನ್ನ ಮೇಕೆಯ ಕಣ್ಣು ತೋರಿಸಿ "ಇದಕ್ಕೇನ್ ಹಾಕಬೇಕಪ್ಪ?" ಎಂದು ನನ್ನನ್ನೇ ಕೇಳಿದಳು. ಎರಡನೆಯ ದಿನವೂ ಅರ್ಧ ಹೀಗೇ ಕಳೆಯಿತು. ಗಾಡಿ ನಿಲ್ಲಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅದನ್ನು ಅವರ ಮುಂದೆ ಹೇಳುವ ಹಾಗಿರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ, ಹಳೇಬೀಡಿನಲ್ಲಿದ್ದಾಗ, ಅವರ ಫೋನ್ ಬಡಿದುಕೊಂಡಿತು. ಹಗರೆಯಿಂದ. ಮಾತಾಡುತ್ತಲೇ ಅವರು ಗಾಡಿಯತ್ತ ನಡೆದರು.

"ಅದೇ ಬೀದಿ," ಎಂದರು ಬಾಗಿಲು ಎಳೆದುಕೊಳ್ಳುತ್ತಾ. "ಅವತ್ತು ಹಸು ತೀರ್ಕೊಂಡ ಮನೆಯಿಂದ ಎರಡು ಮನೆ ಆಚೆ. ಬೆಳಿಗ್ಗೆ ಕರು ಹಾಕಿದೆ, ಈಗ ಏಳ್ತಿಲ್ಲ, ಕತ್ತು ಪಕ್ಕೆಗೆ ತಿರುಗಿಸ್ಕೊಂಡು ಮಲಗಿದೆಯಂತೆ. ಹಾಲುಜ್ವರಾನೇ. ನನ್ನ ಕರೀಬೇಕೋ ಬೇಡ್ವೋ ಅಂತ ಇಷ್ಟೊತ್ತು ಯೋಚನೆ ಮಾಡಿದಾರೆ."

ಗಾಡಿ ಹಗರೆಯ ದಾರಿ ಹಿಡಿಯಿತು. ಒಂದು ಕಡೆ ರಸ್ತೆ ಉಬ್ಬು. ಎರಡನೇ ಗೇರಿಗೆ ಇಳಿಸಿ, ಉಬ್ಬು ದಾಟಿ, ಮುಂದಿನ ಏರಿಗೆ ಅವರು ಆಕ್ಸಿಲರೇಟರ್ ಒತ್ತಿದರು. ಸ್ಕ್ಯಾನರಿನಲ್ಲಿ ಅಂಕಿ ಒಮ್ಮೆ ಸೊನ್ನೆಗೆ ಇಳಿದು ಮತ್ತೆ ಎದ್ದಿತು. ಗಾಡಿ ಮುಗ್ಗರಿಸಿತು.

"ಕಂಡಿರಾ?" ಎಂದರು.

"ಕಂಡೆ. ನಿಲ್ಲಿಸಬೇಡಿ, ಹೋಗಿ."

ಏರು ಪೂರ್ತಿ ಹತ್ತುವ ಮೊದಲೇ ಅಂಕಿ ಸೊನ್ನೆಗೆ ಬಿತ್ತು. ಈ ಸಲ ಏಳಲಿಲ್ಲ. ಸದ್ದು ನಿಂತುಹೋಯಿತು. ಎರಡೂ ಕೈಯಲ್ಲಿ ಸ್ಟೀರಿಂಗನ್ನು ಎಳೆದು, ಕಾಲು ಊರಿ ಬ್ರೇಕ್ ಒತ್ತಿ, ಹೇಗೋ ಪಕ್ಕಕ್ಕೆ ತಂದರು. ಹ್ಯಾಂಡ್ ಬ್ರೇಕ್ ಎಳೆದದ್ದೇ ವಾಚ್ ನೋಡಿಕೊಂಡರು. "ಅಣ್ಣ," ಎಂದರು ಅಷ್ಟೇ.

ನಾನು ಹಾರಿ ಇಳಿದು ಬಾನೆಟ್ ಎತ್ತಿದೆ. ಸಾಕೆಟ್ಟುಗಳನ್ನೆಲ್ಲ ಒತ್ತಿ ನೋಡಿದೆ, ಎಲ್ಲ ಭದ್ರ. ಕೀ ತಿರುಗಿಸಿ ಎಂದೆ. ತಕ್ಷಣ ಸ್ಟಾರ್ಟ್ ಆಯಿತು! ಅಂಕಿಯೂ ಸರಿಯಾಗಿದೆ, ಸದ್ದೂ ಸರಿಯಾಗಿದೆ. ಅವತ್ತಿನಷ್ಟು ಪೆಚ್ಚಾಗಿ ನಾನು ಯಾವ ಇಂಜಿನ್ನಿನ ಮುಂದೆಯೂ ನಿಂತಿಲ್ಲ. ಕಾದೆ, ಕಣ್ಣೆದುರೇ ನಿಂತಿತು, ಆದರೂ ಏನೂ ಕಾಣುತ್ತಿಲ್ಲ.

"ಓಡ್ತಿದೆಯಲ್ಲ, ಹೊರಡೋಣ," ಎಂದರು ಅವರು. ಅವರ ಗಮನ ಹಗರೆಯಲ್ಲಿತ್ತು.

"ಒಂದು ನಿಮಿಷ ಮೇಡಂ."

ನಿಂತಾಗ ಇರದ ಯಾವುದು ಏರು ಹತ್ತುವಾಗ ಇರುತ್ತದೆ? ಬಿಸಿಯಲ್ಲ, ಏಸಿಯಲ್ಲ, ಪೆಟ್ರೋಲಲ್ಲ. ಎಳೆತ. ಏರು ಎಳೆಯುವಾಗ ಚಕ್ರ ಮುಂದಕ್ಕೆ ತಿರುಗಿದರೆ ಇಂಜಿನ್ ತಾನು ಹಿಂದಕ್ಕೆ ವಾಲುತ್ತದೆ. ಅದು ವಾಲದ ಹಾಗೆ ಹಿಡಿಯುವುದಕ್ಕೇ ರಬ್ಬರಿನ ಮೌಂಟಿಂಗ್ ಇರುವುದು. ನಿಂತ ಗಾಡಿಯಲ್ಲಿ ಇಂಜಿನ್ ಎಷ್ಟೇ ಕೂಗಿದರೂ ವಾಲುವುದಿಲ್ಲ. ನಾವು ಶೆಡ್ಡಿನಲ್ಲಿ ಮಾಡಿದ್ದೆಲ್ಲ ಕೂಗಿಸುವ ಕೆಲಸ.

ಎರಡು ದಪ್ಪ ಕಲ್ಲು ತಂದು ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟೆ. ಬಾನೆಟ್ಟಿನ ಮುಂದೆ ನಿಲ್ಲದೆ ಪಕ್ಕಕ್ಕೆ ಸರಿದು ಹೇಳಿದೆ, "ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೀರಿ. ಫಸ್ಟ್ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ಒಂಚೂರು ಬಿಡಿ. ಗಾಡಿ ಹೊರಡಬಾರದು, ಹೊರಡೋ ಹಾಗೆ ಮಾಡಬೇಕು."

ಅವರು ಬಿಟ್ಟರು. ಇಂಜಿನ್ ಇಡಿಯಾಗಿ ಹಿಂದಕ್ಕೆ ವಾಲಿತು. ಇಷ್ಟು ವಾಲಬಾರದು. ಕೆಳಗಿನ ಮೌಂಟಿಂಗಿನ ರಬ್ಬರ್ ಹರಿದು ಬಾಯಿ ಬಿಟ್ಟಿದ್ದು ಆಗ ಕಂಡಿತು. ಅದರ ಜೊತೆಗೇ ಇನ್ನೊಂದು ಕಂಡಿತು. ಕ್ರ್ಯಾಂಕ್ ಸೆನ್ಸರಿನ ವೈರನ್ನು ಯಾವಾಗಲೋ ಯಾರೋ ಪ್ಲಾಸ್ಟಿಕ್ ಟೈ ಹಾಕಿ ಗಾಡಿಯ ಬಾಡಿಯ ತಗಡಿಗೆ ಬಿಗಿದಿದ್ದರು. ಇಂಜಿನ್ ವಾಲಿದಂತೆ ಆ ವೈರು ಬಟ್ಟೆ ಒಣಹಾಕುವ ತಂತಿಯ ಹಾಗೆ ನೆಟ್ಟಗೆ ಬಿಗಿದು ನಿಂತಿತು. ಇಂಜಿನ್ ನನ್ನ ಕಣ್ಣೆದುರೇ ಸತ್ತಿತು. ಸತ್ತ ಕೂಡಲೇ ತನ್ನ ಜಾಗಕ್ಕೆ ಮರಳಿ ಬಂತು. ವೈರು ಸಡಿಲವಾಗಿ ಜೋತುಬಿತ್ತು, ಅಲ್ಲಿ ಏನೂ ನಡೆದೇ ಇಲ್ಲ ಎನ್ನುವಂತೆ.

ಬೆರಳಿನಿಂದ ವೈರನ್ನು ಉದ್ದಕ್ಕೂ ಸವರಿದೆ. ಹೊರಗಿನ ಸಿಪ್ಪೆಗೆ ಒಂದು ಗೀರೂ ಇಲ್ಲ. ಟೈಯ ಪಕ್ಕದಲ್ಲಿ ಮಾತ್ರ ಒಂದು ಕಡೆ ಮೆತ್ತಗೆ ಬಾಗಿತು. ಬ್ಲೇಡಿನಿಂದ ಸೀಳಿದೆ. ಒಳಗೆ ತಾಮ್ರದ ಎಳೆಗಳು ತುಂಡಾಗಿ, ತುದಿಗೆ ತುದಿ ತಾಗಿಕೊಂಡಿದ್ದವು. ಎಳೆದರೆ ಬಿಡುತ್ತಿತ್ತು, ಸಡಿಲ ಬಿಟ್ಟರೆ ಕೂಡುತ್ತಿತ್ತು, ಕೆಲವು ಸಲ ತಡವಾಗಿ. ಶೆಡ್ಡಿನಲ್ಲಿ ಮೀಟರ್ ಹಿಡಿದಾಗ ಕೂಡಿತ್ತು. ಬಾಣಾವರದ ಸಪಾಟು ರಸ್ತೆಯಲ್ಲಿ ಕೂಡಿತ್ತು. ಬೇಲೂರಿನಲ್ಲಿ ಬಸ್ಸುಗಳ ಮಧ್ಯೆ ಕ್ಲಚ್ ಬಿಟ್ಟು ಹೊರಡುವಾಗ ಬಿಟ್ಟಿತ್ತು. ಸೆನ್ಸರ್ ಬದಲಾಯಿಸುವಾಗ ನನ್ನ ಕೈ ತಾಗಿ ತುದಿಗಳು ಒಂದಿಷ್ಟು ಹತ್ತಿರವಾಗಿದ್ದಿರಬೇಕು. ಕೆಲವು ದಿನ ಓಡಿದ್ದು ಅದರಿಂದ, ಹೊಸ ಸೆನ್ಸರಿನಿಂದಲ್ಲ.

"ಸಿಕ್ತಾ?" ಎಂದರು ಕಿಟಕಿಯಿಂದ.

"ಸಿಕ್ತು. ಬ್ಯಾಟರಿ ತಂತಿ ಬಿಚ್ಚಬೇಕು, ಕೀ ತೆಗೀರಿ."

ಟೈ ಕತ್ತರಿಸಿ ಬಿಸಾಕಿದೆ. ಟೆಸ್ಟ್ ಲ್ಯಾಂಪಿನ ವೈರಿನಿಂದಲೇ ಒಂದು ತುಂಡು ಕತ್ತರಿಸಿ, ಮಧ್ಯೆ ಸೇರಿಸಿ, ಇಂಜಿನ್ ಎಷ್ಟು ವಾಲಿದರೂ ಬಿಗಿಯದಷ್ಟು ಉದ್ದ ಬಿಟ್ಟು, ತಿರುಚಿ ಟೇಪ್ ಸುತ್ತಿದೆ. ಟೇಪಿನ ತುದಿ ಸಿಗದೆ ಹಲ್ಲಿನಿಂದ ಕಚ್ಚಿ ತೆಗೆದೆ. ಮತ್ತೆ ಅದೇ ಪರೀಕ್ಷೆ: ಗೇರ್, ಕ್ಲಚ್, ವಾಲಾಟ. ಇಂಜಿನ್ ಗೊರಗೊರ ಎಂದು ಎಳೆದಾಡಿತು, ಸಾಯಲಿಲ್ಲ. ಕಲ್ಲು ತೆಗೆದೆ.

"ಏರಿನಲ್ಲಿ ಜಾಸ್ತಿ ಎಳೆಸಬೇಡಿ," ಎಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಹಗರೆಯಲ್ಲಿ ಫೋನ್ ಮಾಡಿದ್ದ ಮನೆಯ ಹಿತ್ತಿಲಲ್ಲಿ ಹಸು ಮಲಗಿತ್ತು. ಕತ್ತನ್ನು ಪಕ್ಕೆಗೆ ಆನಿಸಿಕೊಂಡು, ಕಣ್ಣು ಅರ್ಧ ಮುಚ್ಚಿ. ಕಿವಿ ಮುಟ್ಟಿದೆ, ಮಣ್ಣಿನ ಹಾಗೆ ತಣ್ಣಗಿತ್ತು. ಇದಕ್ಕೆ ಜ್ವರ ಎಂದು ಯಾಕೆ ಹೆಸರಿಟ್ಟರೋ ತಿಳಿಯಲಿಲ್ಲ. ಮನೆಯ ಯಜಮಾನ ಗೋಡೆಗೆ ಒರಗಿ ನಿಂತಿದ್ದ.

"ಇನ್ನೇನೈತೆ ಬುಡಿ ಡಾಕ್ಟ್ರಮ್ಮ," ಎಂದ. "ನೀವು ಬಂದ್ರಲ್ಲ, ಅಷ್ಟೇ ಸಾಕು."

"ಬಿಸಿನೀರು ತನ್ನಿ," ಎಂದರು ಅವರು. ಬಾಟಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಕತ್ತಿನ ನರಕ್ಕೆ ಸೂಜಿ ಹಾಕಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ಹಸುವಿನ ಮೈಯ ಸುಣ್ಣದ ಅಂಶವೆಲ್ಲ ಹಾಲಿಗೆ ಇಳಿದು ಹೋಗಿರುತ್ತದೆ, ಅದನ್ನು ರಕ್ತಕ್ಕೆ ತುಂಬಬೇಕು. ಆದರೆ ಬೇಗ ತುಂಬಿದರೆ ಎದೆ ನಿಂತುಹೋಗುತ್ತದೆ ಎಂದು ಅವರು ಆಮೇಲೆ ಹೇಳಿದರು. ಆಗ ಹೇಳಿದ್ದು ಇಷ್ಟೇ: "ನಾನು ಇಳಿಸಿ ಅಂದ್ರೆ ಇಳಿಸ್ಬೇಕು, ಎತ್ತಿ ಅಂದ್ರೆ ಎತ್ಬೇಕು."

ಸ್ಟೆತಾಸ್ಕೋಪನ್ನು ಹಸುವಿನ ಎದೆಗಿಟ್ಟು ಅವರು ಕಣ್ಣು ಮುಚ್ಚಿಕೊಂಡರು. "ಎತ್ತಿ. ಸಾಕು. ಇಳಿಸಿ, ಇಳಿಸಿ." ನನ್ನ ಗ್ರೀಸ್ ಕೈಯ ಗುರುತು ಬಾಟಲಿಯ ತುಂಬ ಮೂಡಿತ್ತು. ಒಳಗೆ ಏನಾಗುತ್ತಿದೆ ಎಂದು ನನಗೆ ಒಂದಿಷ್ಟೂ ಗೊತ್ತಾಗುತ್ತಿರಲಿಲ್ಲ. ಅವರ ಮುಖ ನೋಡಿ ಕೈ ಎತ್ತುವುದು, ಇಳಿಸುವುದು. ಮನೆಯಾಕೆ ಕರುವನ್ನು ಅಪ್ಪಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎರಡು ಮನೆ ಆಚೆಯ ಯಜಮಾನಮ್ಮನೂ ಬಂದು ಬೇಲಿಯ ಆ ಕಡೆ ನಿಂತಿದ್ದರೆಂದು ಆಮೇಲೆ ನೋಡಿದೆ.

ಬಾಟಲಿ ಖಾಲಿಯಾಗುತ್ತಾ ಬಂದಾಗ ಹಸುವಿನ ತೊಡೆ ಅದುರಿತು. ಮೂಗಿನ ಮೇಲೆ ಬೆವರಿನ ಹನಿ ಮೂಡಿತು. ದೊಡ್ಡದಾಗಿ ತೇಗಿತು. ಕತ್ತು ನೆಟ್ಟಗೆ ಮಾಡಿ, ನಾವೆಲ್ಲ ಇಲ್ಲಿ ಯಾಕೆ ಸೇರಿದ್ದೇವೆ ಎನ್ನುವಂತೆ ಸುತ್ತಲೂ ನೋಡಿತು. ಹಿಂಗಾಲು ಊರಿತು, ಜಾರಿತು, ಮತ್ತೆ ಊರಿತು. ಯಜಮಾನ ಬಾಲ ಹಿಡಿದು ಎತ್ತಿದ. ಹಸು ಎದ್ದು ನಿಂತಿತು.

ಬೇಲಿಯ ಆ ಕಡೆಯ ಯಜಮಾನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಕಾಫಿ ನಮ್ಮನೇಲಿ ಕುಡುದೋಗಿ ಡಾಕ್ಟ್ರಮ್ಮ," ಎಂದರು. ಡಾಕ್ಟರಮ್ಮ ಆಗಲಿ ಎಂದು ತಲೆಯಾಡಿಸಿದರು. ಅವರ ಮನೆಯ ಹಸುವಿಲ್ಲದ ಕೊಟ್ಟಿಗೆಯ ಪಕ್ಕದಲ್ಲೇ ಕೂತು ಕಾಫಿ ಕುಡಿದೆವು.

ಆಮೇಲೆ ಗಾಡಿಯನ್ನು ಅರಸೀಕೆರೆಗೆ ತಂದು ಪಕ್ಕಾ ಕೆಲಸ ಮಾಡಿದೆವು. ಮೇಸ್ತ್ರಿ ಹರಿದ ಮೌಂಟಿಂಗ್ ಬದಲಾಯಿಸಿದ. "ಇದು ನನ್ ಕೆಲಸಾನೇ ಆಗಿತ್ತಲ್ಲೋ, ನಾನು ಪಂಪು ಪಂಪು ಅಂತ ಕೂತಿದ್ದೆ," ಎಂದು ನಕ್ಕ. ನಾನು ಸೆನ್ಸರಿನಿಂದ ಹೊಸ ವೈರು ಎಳೆದು, ಬೆಸುಗೆ ಹಾಕಿ, ಪಕ್ಕದ ವೈರುಗಳ ಕರೆಂಟು ಸಿಗ್ನಲ್ ಕೆಡಿಸದ ಹಾಗೆ ಜಾಲರಿಯ ಹೊದಿಕೆಯನ್ನೂ ಮತ್ತೆ ಹೊದಿಸಿ, ಇಂಜಿನ್ನಿಗೇ ಕಟ್ಟಿದೆ, ಬಾಡಿಯ ತಗಡಿಗಲ್ಲ. ಕ್ಯಾಮ್ ಸೆನ್ಸರಿನ ಕೋಡ್ ಆ ಒಂದು ಸಲ ಯಾಕೆ ಬಂದಿತ್ತು ಎಂಬುದು ಮಾತ್ರ ನನಗೆ ಇವತ್ತಿಗೂ ಪೂರ್ತಿ 'ಇದೇ' ಎಂದು ಗೊತ್ತಿಲ್ಲ. ಎರಡು ಸೆನ್ಸರಿನ ಮಾತು ತಾಳೆಯಾಗದಾಗ ಕಂಪ್ಯೂಟರ್ ತಪ್ಪನ್ನು ಸರಿಯಿದ್ದದ್ದರ ಮೇಲೆ ಹೊರಿಸಿರಬಹುದು. ಇರಬಹುದು ಎನ್ನುವುದಕ್ಕಿಂತ ಹೆಚ್ಚು ಹೇಳಲಾರೆ. ಡಾಕ್ಟರಮ್ಮನಿಗೂ ಹಾಗೇ ಹೇಳಿದೆ.

"ಇರ್ಲಿ ಅಣ್ಣ, ನಮ್ಮಲ್ಲೂ ಹಂಗೆ ಕೆಲವು ಉಳ್ಕೊಳ್ತವೆ," ಎಂದರು. "ಆದ್ರೆ ಒಂದು ಕೆಲಸ ಮಾಡೋಣ. ಆ ಏರು ಹತ್ತಿಸಿ ನೋಡೋಣ. ನೀವೂ ಬನ್ನಿ."

ಹಗರೆಯ ದಾರಿಯ ಅದೇ ಏರು. ಎರಡನೇ ಗೇರಿನಲ್ಲಿ ಪೂರ್ತಿ ಎಳೆಸಿ ಹತ್ತಿಸಿದರು. ಅಂಕಿ ಅಲುಗಾಡಲಿಲ್ಲ. ಮೇಲೆ ಹೋದದ್ದೇ ಗಾಡಿ ತಿರುಗಿಸಿ ಕೆಳಗೆ ಬಂದರು, ಮತ್ತೆ ಹತ್ತಿಸಿದರು. ನಾನು ಸಾಕು ಎನ್ನಲಿಲ್ಲ; ನನಗೂ ಸಾಕಾಗಿರಲಿಲ್ಲ. ಮತ್ತೆ ತಿರುಗಿಸಿದರು. ರಸ್ತೆಯ ಪಕ್ಕದ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ನಾವು ಹೋಗಿ ಬಂದು ಮಾಡುವುದನ್ನು ಅಷ್ಟು ಹೊತ್ತೂ ನೋಡುತ್ತಿದ್ದವನು, ಕೊನೆಗೆ ತಡೆಯಲಾರದೆ ರಸ್ತೆಯ ಅಂಚಿಗೆ ಬಂದು ಕೂಗಿದ.

"ಏನ್ ಕಳ್ಕಂಡ್ರಿ ಅಮ್ಮಾವ್ರೆ? ನಾನೂ ಹುಡುಕ್ಲಾ?"

ಡಾಕ್ಟರಮ್ಮ ಗಾಡಿಯ ವೇಗ ತಗ್ಗಿಸದೆ ಕಿಟಕಿಯಿಂದ ತಲೆ ಹೊರಹಾಕಿದರು. "ಏನೂ ಇಲ್ಲ ಕಣಣ್ಣ," ಎಂದು ಕೂಗಿದರು, "ಸಿಕ್ತು!"

ಗಾಡಿ ಏರು ಹತ್ತಿತು.